40 ಅಂದ್ರು, 46 ಆಯ್ತು

ನಮ್ಮ ಚರ್ಚಿನ ಗೇಟ್ ಪಕ್ಕ ಒಂದು ಕರಿ ಬೋರ್ಡ್ ಇದೆ. ಫೆಬ್ರವರಿ ಬಂದ್ರೂ ಅದ್ರಲ್ಲಿ "ಕ್ರಿಸ್ಮಸ್ ಹಬ್ಬದ ಶುಭಾಶಯಗಳು" ಅಂತಲೇ ಇತ್ತು, ಅದೂ ಪೂರ್ತಿ ಅಲ್ಲ, ಬಸ್ಸಿಗೆ ಕಾಯೋರು ಒರಗಿ ಒರಗಿ "ಹಬ್ಬದ ಶುಭಾ" ಅಷ್ಟೇ ಉಳಿದಿತ್ತು, ಈ ಶುಭಾ ಯಾರು ಅಂತ ಏರಿಯಾಗೆ ಹೊಸದಾಗಿ ಬಂದೋರು ಕೇಳೋ ಹಾಗಾಗಿತ್ತು.

ಈಸ್ಟರಿಗೆ ಮುಂಚಿನ ಉಪವಾಸದ ದಿನಗಳು, ಅಂದ್ರೆ ನಮ್ಮ ತಪಸ್ಸುಕಾಲ, ಹತ್ರ ಬಂದಿತ್ತು. ನಾನು ಸುಮ್ನಿರ್ಬೇಕಿತ್ತು. ಭಾನುವಾರ ಪೂಜೆ ಮುಗಿದ್ಮೇಲೆ ಹೋಗಿ, "ಫಾದರ್, ನಾಚಿಕೆಗೇಡು ಇದು, ತಪಸ್ಸುಕಾಲ ಬಂತು, ದಿನಕ್ಕೊಂದು ವಾಕ್ಯ, ಕೆಳಗಡೆ ಎರಡು ಸಾಲು ಚಿಂತನೆ, ಅಷ್ಟು ಬರೆಯೋಕೂ ಯಾರೂ ಇಲ್ವಾ" ಅಂದೆ. ದೂರು ಹೇಳೋನ ತಲೆಗೇ ಕೆಲಸ ಕಟ್ಟೋದನ್ನ ಪಾದ್ರಿಗಳನ್ನ ತಯಾರು ಮಾಡೋ ಸೆಮಿನರಿಯಲ್ಲೇ ಕಲಿಸಿ ಕಳಿಸ್ತಾರೆ ಅನ್ಸುತ್ತೆ. ಫಾದರ್ ಒಂದು ಮಾತೂ ಆಡ್ದೆ ಒಳಗೋಗಿ ಚಾಕ್‌ಪೀಸ್ ಡಬ್ಬ ತಂದು ಕೈಗಿಟ್ರು. "40 ದಿನ ತಾನೆ" ಅಂದ್ರು.

ಮನೆಗೆ ಬಂದು ಕ್ಯಾಲೆಂಡರ್ ಇಟ್ಕೊಂಡು ಎಣಿಸಿದ್ರೆ ತಪಸ್ಸುಕಾಲ ಶುರುವಾಗೋ ಫೆಬ್ರವರಿ 18ರ ಬೂದಿ ಬುಧವಾರದಿಂದ ಈಸ್ಟರ್ ಹಿಂದಿನ ದಿನ, ಏಪ್ರಿಲ್ 4ರ ಶನಿವಾರದ ತನಕ 46 ಬರ್ತಿದೆ. ಮೂರು ಸಲ ಎಣಿಸಿದೆ, ಬೆರಳಲ್ಲೂ ಎಣಿಸಿದೆ. ಫೋನ್ ಮಾಡಿ ಕೇಳಿದ್ರೆ, ಭಾನುವಾರ ಪುನರುತ್ಥಾನದ ದಿನ ಅಲ್ವಾ, ಅದು ಉಪವಾಸದ ಲೆಕ್ಕಕ್ಕೆ ಬರಲ್ಲ, ಆರು ಭಾನುವಾರ ಕಳೀರಿ ಅಂದ್ರು. ಸದ್ಯ, ವಾರಕ್ಕೊಂದು ರಜಾ ಅಂತ ಖುಷಿಯಾಗಿ ಥ್ಯಾಂಕ್ಯೂ ಫಾದರ್ ಅನ್ನೋಷ್ಟರಲ್ಲಿ, "ಆದ್ರೆ ಭಾನುವಾರಾನೇ ಜನ ಜಾಸ್ತಿ ಬರೋದು, ಅವತ್ತು ಬೋರ್ಡ್ ಖಾಲಿ ಬಿಡ್ಬೇಡಿ" ಅಂತ ಫೋನ್ ಇಟ್ರು. ಉಪವಾಸಕ್ಕೆ ರಜಾ ಉಂಟು, ಚಾಕ್‌ಪೀಸಿಗಿಲ್ಲ.

ಮೊದಲನೇ ದಿನ ಬೆಳಗ್ಗೆ ಆರಕ್ಕೇ ಹೋಗಿ "ಮಾನವಾ, ನೀನು ಮಣ್ಣು, ಮಣ್ಣಿಗೇ ಮರಳುವೆ" ಅಂತ ದಪ್ಪಕ್ಷರದಲ್ಲಿ ಬರೆದೆ. ಬೆಂಗಳೂರಲ್ಲಿ ಮಣ್ಣಿನ ರೇಟು ಚದರಡಿಗೆ ಎಷ್ಟಿದೆ ಅಂತ ಯೋಚಿಸಿದ್ರೆ ಇದು ಹೊಗಳಿಕೆಯೋ ತೆಗಳಿಕೆಯೋ ಗೊತ್ತಾಗಲ್ಲ, ಇರಲಿ. ಒಂದು ಫೋಟೋ ತೆಗೆದು ಸ್ಟೇಟಸ್ ಹಾಕಿದೆ, 83 ಜನ ನೋಡಿದ್ರು. ಎರಡನೇ ದಿನ, ಬೂದಿ ಬುಧವಾರದ ಪೂಜೇಲಿ ಓದಿದ್ದ ಮತ್ತಾಯನ ಆರನೇ ಅಧ್ಯಾಯವನ್ನೇ ಬರೆದೆ, ನೀನು ದಾನ ಮಾಡುವಾಗ ಬಲಗೈ ಮಾಡಿದ್ದು ಎಡಗೈಗೆ ತಿಳಿಯದಿರಲಿ ಅಂತ. ಸಾಯಂಕಾಲ ನನ್ನ ಹೆಂಡ್ತಿ ಸ್ಟೇಟಸ್ ನೋಡ್ತಾ, "ರೀ, ಬಲಗೈ ಚಾಕ್‌ಪೀಸ್ ಹಿಡ್ಕೊಂಡಿರೋದು ಫೋಟೋದಲ್ಲಿ ಕಾಣ್ತಿದೆ, ಹಂಗಾದ್ರೆ ಫೋಟೋ ತೆಗ್ದಿದ್ದು ಯಾವ ಕೈಲಿ?" ಅಂದ್ಲು.

ಮೂರನೇ ದಿನದಿಂದ ಫೋಟೋ ನಿಲ್ಲಿಸ್ದೆ ಅಂತ ಹೇಳಿದ್ರೆ ಸುಳ್ಳಾಗುತ್ತೆ. ಕೈ ಕಾಣದ ಹಾಗೆ ತೆಗೀತಿದ್ದೆ. ಎರಡು ವಾರಕ್ಕೆ 83 ಹೋಗಿ 11 ಆಯ್ತು, ಅದ್ರಲ್ಲಿ ಒಬ್ಬ ನಮ್ಮ ಗ್ಯಾಸ್ ತರೋ ಹುಡುಗ, ಆಮೇಲೆ ತಾನಾಗೇ ನಿಂತೋಯ್ತು.

ಸ್ಟೇಟಸ್ ನೋಡೋರು ಕಮ್ಮಿಯಾದ್ರೂ ಬೋರ್ಡಿಗೆ ಒಬ್ರು ಖಾಯಂ ಓದುಗರಿದ್ರು, ಗೇಟ್ ಹತ್ರ ಮೇಣದಬತ್ತಿ, ಹೂವು ಮಾರೋ ಅಕ್ಕ. ಕೂತಲ್ಲಿಂದಲೇ ಒಂದೊಂದೇ ಅಕ್ಷರ ಕೂಡಿಸ್ಕೊಂಡು ಗಟ್ಟಿಯಾಗಿ ಓದೋರು. ಓದಿ ಮುಗಿದ ಮೇಲೆ ತೀರ್ಪು. "ಇವತ್ತಿಂದು ಪರ್ವಾಗಿಲ್ಲ." "ಇದು ನಿಮಗಾದ್ರೂ ಅರ್ಥ ಆಯ್ತಾ ಅಣ್ಣ?" ಒಂದಿನ ನಾನು ಉಮೇದಲ್ಲಿ ಬೋರ್ಡ್ ತುಂಬಾ ಒಂಬತ್ತು ಸಾಲು ಬರೆದಾಗ ಮಾತ್ರ ಬೇಜಾರು ಮಾಡ್ಕೊಂಡ್ರು, "ಉದ್ದ ಬರೀಬೇಡಿ ಅಣ್ಣ, ಜನ ನಿಂತ್ಕೊಂಡು ಓದ್ತಾರೆ, ಅಷ್ಟರಲ್ಲಿ ಒಳಗೆ ಬೆಲ್ ಹೊಡೀತಾರೆ, ಬತ್ತಿ ತಗೊಳ್ದೆ ಓಡೋಗ್ತಾರೆ." ಶಿವಾಜಿನಗರದ ಚರ್ಚಲ್ಲಿ ಮರಿಯಮ್ಮನ ಹಬ್ಬಕ್ಕೆ ಆಗಸ್ಟ್ 29ರ ಬಾವುಟ ಏರಿಸೋದ್ರಿಂದ ಸೆಪ್ಟೆಂಬರ್ 8ರ ತೇರಿನ ತನಕ ಅಷ್ಟು ಜನಜಂಗುಳೀಲಿ ವ್ಯಾಪಾರ ಮಾಡಿರೋ ಹೆಂಗಸು, ಯಾರು ಎಲ್ಲಿ ಎಷ್ಟೊತ್ತು ನಿಲ್ತಾರೆ ಅನ್ನೋದು ನನಗಿಂತ ಅವರಿಗೆ ಗೊತ್ತು. ಎರಡು ಸಾಲಿಗೆ ಇಳಿಸಿದೆ.

ಎರಡು ಸಾಲು ಬರೆಯೋದು ಒಂಬತ್ತಕ್ಕಿಂತ ಕಷ್ಟ ಅಂತ ಗೊತ್ತಾಗಿದ್ದು ಆಮೇಲೆ. ಎಂ.ಜಿ. ರೋಡ್ ಸಿಗ್ನಲ್ಲಲ್ಲಿ ಬಸ್ ನಿಂತಾಗ ಕಿಟ್ಟೆಲ್ ಪ್ರತಿಮೆ ನೋಡಿ ತಲೆ ತಗ್ಗಿಸಿದ್ದೂ ಉಂಟು. ಪುಣ್ಯಾತ್ಮ 1853ರಲ್ಲಿ ಜರ್ಮನಿಯಿಂದ ಬಂದು ಕನ್ನಡ ಕಲಿತು, 1894ರಲ್ಲಿ ಸುಮಾರು 70,000 ಪದಗಳ ನಿಘಂಟು ಅಚ್ಚು ಹಾಕಿಸಿದ. ನಾನು ಇಲ್ಲೇ ಹುಟ್ಟಿ ಇಲ್ಲೇ ಬೆಳೆದು ನಾಳೆಗೆ ಹತ್ತು ಪದ ಸಿಗ್ತಿಲ್ಲ ಅಂತ ಕಿಟಕಿ ಸರಳು ಹಿಡ್ಕೊಂಡು ಕೂತಿದೀನಿ.

ಅದಕ್ಕೇ ಒಂದು ಉಪಾಯ ಮಾಡಿದೆ, ಸ್ಟಾಕ್. ಭಾನುವಾರ ಕೂತು ಇಡೀ ವಾರಕ್ಕಾಗೋಷ್ಟು ಬರೆದಿಟ್ಕೊಳ್ಳೋದು, ದಿನಾ ಹೋಗಿ ಕಣ್ಮುಚ್ಚಿ ಕಾಪಿ ಮಾಡೋದು. ಮರುಭೂಮೀಲಿ ಇಸ್ರಾಯೇಲ್ ಜನಕ್ಕೆ ದೇವರು ಮನ್ನಾ ಸುರಿಸಿದಾಗ ಆಯಾ ದಿನದ್ದು ಆಯಾ ದಿನವೇ ಆರಿಸ್ಕೊಳ್ಳಿ ಅಂದಿದ್ರು, ನಾಳೆಗೂ ಇರಲಿ ಅಂತ ಎತ್ತಿಟ್ಟೋರ ಪಾತ್ರೇಲಿ ಬೆಳಗ್ಗೆ ಹುಳ ಬಿದ್ದು ನಾರ್ತಿತ್ತು. ಧರ್ಮೋಪದೇಶದ ಕ್ಲಾಸಲ್ಲಿ ಮಕ್ಕಳಿಗೆ ನಾನೇ ಈ ಕಥೆ ಹೇಳಿರೋನು. ನನ್ನ ಸ್ಟಾಕಿಗೆ ಹುಳ ಬಿದ್ದಿದ್ದು ಬುಧವಾರ. ಅವತ್ತಿನ ಚೀಟೀಲಿದ್ದ "ಯಾವಾಗಲೂ ಸಂತೋಷದಿಂದಿರಿ, ಮತ್ತೆ ಹೇಳುತ್ತೇನೆ, ಸಂತೋಷದಿಂದಿರಿ" ಅನ್ನೋದನ್ನ ಬರೆದು ಕೈ ಒರೆಸ್ಕೊಂಡು ತಿರುಗಿದ್ರೆ ಗೇಟಲ್ಲಿ ಶವದ ಗಾಡಿ. ಹಿಂದೆ ಕರಿ ಸೀರೆ, ಬಿಳಿ ಶರ್ಟು, ಅಳೋ ಸದ್ದು. ಡಸ್ಟರ್ ಅಕ್ಕನ ಬುಟ್ಟೀಲಿ, ಅಕ್ಕ ಇನ್ನೂ ಬಂದಿಲ್ಲ. ಬೇರೇನೂ ತೋಚದೆ ಬೋರ್ಡಿಗೆ ಬೆನ್ನು ಕೊಟ್ಟು ಎರಡೂ ಕೈ ಅಗಲಿಸಿ ನಿಂತ್ಕೊಂಡೆ, ಪೆಟ್ಟಿಗೆ ಒಳಗೆ ಹೋಗೋ ತನಕ. ಬಂದೋರೆಲ್ಲ ನಂಗೆ ತಲೆಬಾಗಿ ಹೋದ್ರು, ಸತ್ತೋರಿಗೆ ತುಂಬಾ ಬೇಕಾದೋನು ಅಂದ್ಕೊಂಡ್ರೋ ಏನೋ. ಆಮೇಲೆ ಮರ್ಯಾದೆಗೆ ಅಂತ ನಾನೂ ಒಳಗೋಗಿ ಮುಂದಿನ ಸಾಲಲ್ಲಿ ಕೂತೆ. ನನ್ನ ಕಡುನೀಲಿ ಶರ್ಟಿನ ಬೆನ್ನ ಮೇಲೆ "ಸಂತೋಷದಿಂದಿರಿ" ಉಲ್ಟಾ ಅಚ್ಚಾಗಿದ್ದು ಮನೇಲಿ ಬಟ್ಟೆ ಒಗೆಯೋಕೆ ಹಾಕುವಾಗ್ಲೇ ಗೊತ್ತಾಗಿದ್ದು. ಉಲ್ಟಾ ಇದ್ದಿದ್ದಕ್ಕೆ ಬಚಾವ್.

ಒಂದಿನ ಆಫೀಸ್ ಗಲಾಟೇಲಿ ಮರ್ತೇ ಹೋಯ್ತು, ರಾತ್ರಿ ಹನ್ನೊಂದೂವರೆಗೆ ನೆನಪಾಗಿ, ದಿನ ತಪ್ಪಬಾರ್ದು ಅಂತ ಮೊಬೈಲ್ ಟಾರ್ಚ್ ಬಾಯಲ್ಲಿ ಕಚ್ಕೊಂಡು ಬರೀತಾ ನಿಂತಿದ್ದೆ. ಬೀಟ್ ಪೊಲೀಸ್ ಒಬ್ರು ಬೈಕ್ ನಿಲ್ಲಿಸಿ, "ಏನ್ರೀ, ಏನ್ ಬರೀತಿದೀರಾ ಈ ಹೊತ್ತಲ್ಲಿ?" ಅಂದ್ರು. ಬಾಯಲ್ಲಿ ಫೋನ್, ನಾನು ಹೇಳಿದ್ದು ಅವರಿಗೆ ಅರ್ಥ ಆಗ್ಲಿಲ್ಲ. ಅವರೇ ಲೈಟ್ ಬಿಟ್ಟು ಓದಿದ್ರು, "ಎಚ್ಚರವಾಗಿರಿ, ಕಳ್ಳನು ಯಾವ ಜಾವದಲ್ಲಿ ಬರುವನೋ ತಿಳಿಯದು." ಸ್ವಲ್ಪ ಹೊತ್ತು ನನ್ನನ್ನೂ ಬೋರ್ಡನ್ನೂ ನೋಡಿದ್ರು. "ಒಳ್ಳೇದು, ಬೇಗ ಮುಗ್ಸಿ ಮನೆಗೆ ಹೋಗಿ" ಅಂದ್ರು.

ಯುಗಾದಿ ಗುರುವಾರ ಬಂದಿತ್ತು, ಪಕ್ಕದ ಮನೆ ಗೌಡ್ರು ಹೋಳಿಗೆ ಕಳಿಸಿದ್ರು, ಚೆನ್ನಾಗಿತ್ತು, ಅದ್ರಲ್ಲಿ ತೊಂದ್ರೆ ಇಲ್ಲ. ತೊಂದ್ರೆ ಮಾರನೇ ದಿನದ್ದು. ಹೊಸತೊಡಕು ಶುಕ್ರವಾರ ಬಿತ್ತು, ತಪಸ್ಸುಕಾಲದ ಶುಕ್ರವಾರ ನಮಗೆ ಮಾಂಸ ಇಲ್ಲ. ಗೌಡ್ರು ಬೆಳಗಿನ ಜಾವಾನೇ ಮಟನ್ ಅಂಗಡಿ ಕ್ಯೂನಲ್ಲಿ ನಿಂತು ಗೆದ್ದು ಬರೋ ದಾರೀಲಿ, ನಾನು "ಮನುಷ್ಯ ಬದುಕುವುದು ರೊಟ್ಟಿಯಿಂದ ಮಾತ್ರವಲ್ಲ" ಅಂತ ಬರೆದು ಮುಗಿಸ್ತಿದ್ದೆ. ಸ್ಕೂಟರ್ ನಿಲ್ಲಿಸಿ ಓದಿ, ಮುಂದೆ ನೇತು ಹಾಕಿದ್ದ ಚೀಲ ತಟ್ಟಿ, "ಸರಿಯಾಗಿ ಬರ್ದಿದೀರಾ ಸಾರ್, ಮಧ್ಯಾಹ್ನ ಮನೆ ಕಡೆ ಬನ್ನಿ" ಅಂದ್ರು. ಬರೋಕಾಗಲ್ಲ ಅಂತ ವಿವರಿಸೋಕೆ ಹತ್ತು ನಿಮಿಷ ಬೇಕಾಯ್ತು, ಅವತ್ತು ಮಧ್ಯಾಹ್ನ ಗೋಡೆ ದಾಟಿ ಬಂದ ವಾಸನೆ ಜೊತೆ ಅನ್ನ ಸಾರು ಉಂಡಿದ್ದು ಮಾತ್ರ ನಿಜವಾದ ತಪಸ್ಸು. ಬಾಕಿ ಯಾವ ದಿನಾನೂ ನಂಗೆ ಅಷ್ಟು ಕಷ್ಟ ಆಗಿಲ್ಲ. ಭಾನುವಾರಕ್ಕೆ ಅಂತ ಅವರ ಮನೆಯೋರು ಒಂದು ಡಬ್ಬಿ ಫ್ರಿಜ್ಜಲ್ಲಿ ಎತ್ತಿಟ್ಟಿದ್ರು. ಅದಕ್ಕೆ ಹುಳ ಬಿದ್ದಿರ್ಲಿಲ್ಲ.

ತಿಂಗಳ ಕೊನೇಲಿ ಮಳೆ ಬಂತು. ಅವತ್ತು ಬೋರ್ಡಲ್ಲಿ "ನೆರೆಯವನನ್ನು ನಿನ್ನಂತೆಯೇ ಪ್ರೀತಿಸು" ಅಂತಿತ್ತು. ಮಳೆ ನಿಂತ್ಮೇಲೆ ಹೋಗಿ ನೋಡಿದ್ರೆ ಮಧ್ಯದ್ದೆಲ್ಲ ತೊಳ್ದೋಗಿ "ನೆರೆ" ಮತ್ತೆ "ಪ್ರೀತಿಸು" ಎರಡೇ ಉಳಿದಿದೆ. ನಮ್ಮದು ತಗ್ಗಿನ ರೋಡು, ಜೋರು ಮಳೆ ಬಂದ್ರೆ ಚರಂಡಿ ನೀರು ಮನೆ ಬಾಗಿಲಿಗೇ ಬರುತ್ತೆ. ಆಟೋದೋರು ಒಬ್ರು ಮೊಣಕಾಲುದ್ದ ನೀರಲ್ಲಿ ಆಟೋ ತಳ್ಕೊಂಡು ಬಂದು ಬೋರ್ಡ್ ಮುಂದೆ ನಿಂತ್ರು. "ಸಾರ್, ಹೋದ ವರ್ಷ ನಮ್ಮನೆ ಮಂಚದವರೆಗೂ ಬಂದಿತ್ತು, ಅದನ್ನೂ ಪ್ರೀತಿಸ್ಬೇಕಾ?" ಅಂತ ನಗದೇ ಕೇಳಿದ್ರು. ನಾನು ಚಾಕ್‌ಪೀಸ್ ಜೇಬಲ್ಲಿಟ್ಟು ಆಟೋ ಹಿಂದೆ ಕೈ ಹಾಕಿದೆ.

ಶುಭ ಶುಕ್ರವಾರ ಶಿಲುಬೆ ಹಾದಿ, ಶನಿವಾರ ಬರೆಯೋಕೆ ಏನೂ ಹೊಳೀಲಿಲ್ಲ, "ಸಮಾಧಿ ಮೌನವಾಗಿದೆ" ಅಂತ ಎರಡು ಪದ ಹಾಕಿ ಬಂದೆ, 46 ಮುಗೀತು. ರಾತ್ರಿ ಜಾಗರಣೆ ಪೂಜೆ ಮುಗಿಸಿ ಮಲಗಿದ್ದೇ ತಡ, ಈಸ್ಟರ್ ಬೆಳಗ್ಗೆ ಎಂಟರ ಪೂಜೆಗೆ ಓಡಿಬಂದಾಗ ಬೋರ್ಡ್ ಮುಂದೆ ಜನ. ನನ್ನ ಸಮಾಧಿ ಅಳಿಸಿ ಯಾರೋ ಸೊಟ್ಟಸೊಟ್ಟ ಅಕ್ಷರದಲ್ಲಿ ಬರೆದಿದ್ರು:

"ಯೇಸು ಸಾಮಿ ಎದ್ದವ್ರೆ. ಮಲಿಗೆ ಮೊಳ 60."

ಒತ್ತು ಹಾಕೋಣ ಅಂತ ಕೈ ಜೇಬಿಗೆ ಹೋಯ್ತು, ಚಾಕ್‌ಪೀಸ್ ಖಾಲಿ. ಅಕ್ಕ ಹೂವಿನ ಬುಟ್ಟಿ ಹಿಂದಿಂದ ನೋಡ್ತಿದ್ರು. "ಚಿಕ್ಕದಾಗೇ ಬರ್ದಿದೀನಿ ಅಣ್ಣ" ಅಂದ್ರು.

ಎರಡು ಮೊಳ ಕೊಡಿ, ನೂರು ರೂಪಾಯಿ ಮಾಡ್ಕೊಳಿ ಅಂದೆ. ಬೋರ್ಡ್ ಕಡೆ ಕೈ ತೋರಿಸಿದ್ರು.