ಹೊಸ ಮೋವರ್‌ಗೆ ಆಯಿಲ್ ತುಂಬಿಯೇ ಬರುತ್ತಾ? ಸತ್ಯಾಂಶ

ಶಿರಸಿ ಕಡೆ ಗ್ರೂಪ್‌ಗಳಲ್ಲಿ ಒಂದು ಮೆಸೇಜ್ ಓಡಾಡ್ತಾ ಇದೆ, ಕೂತು ಓಡಿಸೋ ಹುಲ್ಲು ಕತ್ತರಿಸೋ ಮಷಿನ್ ಹೊಸದು ತಂದ್ರೆ ಕಂಪನಿಯೋರೇ ಆಯಿಲ್ ತುಂಬಿರ್ತಾರೆ, ಪೆಟ್ರೋಲ್ ಹಾಕಿ ಚಾವಿ ತಿರುಗಿಸಿದ್ರೆ ಮುಗೀತು ಅಂತ. ದಯವಿಟ್ಟು ನಂಬ್ಬೇಡಿ. ಕೆಲವು ಆಯಿಲ್ ಸಮೇತ ಬರ್ತಾವೆ ನಿಜ, ಆದ್ರೆ ಎಷ್ಟೋ ಇಂಜಿನ್ ಖಾಲಿಯೇ ಬರೋದು, ಹಾಗೇ ಸ್ಟಾರ್ಟ್ ಮಾಡಿದ್ರೆ ಪಿಸ್ಟನ್ನು ಬೇರಿಂಗು ಎಲ್ಲ ಒಣ ಉಜ್ಜಿ ಬಿಸಿಯಾಗಿ ಕೆಲವೇ ನಿಮಿಷದಲ್ಲಿ ಜಾಮ್ ಆಗ್ಬಹುದು.

ಮೊದ್ಲು ಸಮತಟ್ಟು ಅಂಗಳದಲ್ಲಿ ನಿಲ್ಲಿಸಿ ಡಿಪ್‌ಸ್ಟಿಕ್ (ಇಂಜಿನ್ ಎಣ್ಣೆ ಎಷ್ಟಿದೆ ಅಂತ ನೋಡೋ ಕಡ್ಡಿ) ತೆಗೆದು ಒರೆಸಿ ಮತ್ತೆ ಹಾಕಿ ನೋಡಿ, ಎಣ್ಣೆ ಎರಡು ಗುರುತಿನ ಮಧ್ಯೆ ಇರ್ಬೇಕು, ಜಾಸ್ತಿ ಸುರಿಯೋದೂ ತಪ್ಪೇ. ಯಾವ ಗ್ರೇಡು ಅಂತ ಮ್ಯಾನುಯಲ್ ನೋಡಿ. ತೋಟದಲ್ಲಿ 2 ಸ್ಟ್ರೋಕ್ ವೀಡ್ ಕಟರ್ ಹಿಡಿದು ರೂಢಿ ಇರೋರು ಪೆಟ್ರೋಲ್‌ಗೇ ಆಯಿಲ್ ಬೆರೆಸಿಬಿಡ್ತಾರೆ, ಇದು 4 ಸ್ಟ್ರೋಕ್, ಬೆರೆಸೋ ಹಾಗಿಲ್ಲ.

ಬ್ಲೇಡ್ ಬೋಲ್ಟು, ಟಯರ್ ಗಾಳಿ, ಬ್ರೇಕು ಒಮ್ಮೆ ನೋಡ್ಕೊಳಿ.

ಇನ್ನೊಂದು, ಬ್ಲೇಡ್ ತಿರುಗ್ತಿರುವಾಗ ಸೀಟಿಂದ ಎದ್ರೆ ಇಂಜಿನ್ ಆಫ್ ಆಗೋಕೆ ಸೀಟ್ ಕೆಳಗೆ ಸ್ವಿಚ್ ಇರುತ್ತೆ, ಕಿರಿಕಿರಿ ಅಂತ ಅದರ ವೈರ್ ಬೈಪಾಸ್ ಮಾಡಿಸ್ಲೇಬೇಡಿ, ಕಾಲು ಉಳಿಸೋದು ಅದೇ. ನಮ್ಮ ಕಡೆ ಇಳಿಜಾರು ಬೇರೆ, ಟ್ರ್ಯಾಕ್ಟರ್ ಥರದ್ದಾದ್ರೆ ಅಡ್ಡಡ್ಡ ಓಡಿಸ್ದೆ ಮೇಲೆ ಕೆಳಗೆ ಓಡಿಸಿ, 15 ಡಿಗ್ರಿಗಿಂತ ಕಡಿದಾಗಿದ್ರೆ ಅಥವಾ ಹುಲ್ಲು ಒದ್ದೆ ಇದ್ರೆ ಹತ್ತಿಸ್ಲೇಬೇಡಿ.