ಸಾಲಾವಳಿ ಕೂಡಿದರೆ ಮಾತ್ರ ಹಾಡು

ಮೊನ್ನೆ ಸಂಜೆ ಟೊರೊಂಟೊದ 401 ಹೆದ್ದಾರಿಯಲ್ಲಿ ಒಂದೂವರೆ ಗಂಟೆ ಕೂತಿದ್ದೆ. ಕೂತಿದ್ದೆ ಅಂದರೆ ಕಾರು ಓಡುತ್ತಿರಲಿಲ್ಲ. ರೇಡಿಯೊದವನು "ಕೆನಡಾದ ಹೊಸ ಪ್ರತಿಭೆ, ಒಂದು ಪುಟ್ಟ ಬ್ರೇಕ್ ಆದಮೇಲೆ" ಅಂದ. ಆರು ಜಾಹೀರಾತು ಬಂದವು. ಆಮೇಲೆ ಬಂದದ್ದು ಕೆನಡಾದ್ದೇ ಹಳೇ ರಾಕ್ ಬ್ಯಾಂಡ್ ನಿಕಲ್‌ಬ್ಯಾಕ್. ವೆಸ್ಟನ್ ರೋಡ್ ಎಕ್ಸಿಟ್ ದಾಟಿದರೂ ಹೊಸ ಪ್ರತಿಭೆಯ ಪತ್ತೆ ಇಲ್ಲ.

ಆ ಹುಡುಗನನ್ನು ಬೈದು ಪ್ರಯೋಜನವಿಲ್ಲ. ಅವನು ಕಾನೂನು ಪಾಲಿಸುತ್ತಿದ್ದಾನೆ. 1971ರಲ್ಲಿ ಎಎಮ್ ರೇಡಿಯೊದ ಹಾಡುಗಳಲ್ಲಿ ಶೇ. 30 ಕೆನಡಾದವೇ ಇರಬೇಕು ಅಂದರು, 1999ರಿಂದ ಅದು ಪಾಪ್ ಹಾಡುಗಳಿಗೆ ಶೇ. 35. ಒಳ್ಳೆಯದೇ. ಅಮೆರಿಕ ಎಂಬ ಆನೆಯ ಪಕ್ಕ ಮಲಗಿದವರು ಇನ್ನೇನು ಮಾಡಬೇಕು? ಆದರೆ ಆ 35ನ್ನು ಹೇಗೂ ತುಂಬಬೇಕಲ್ಲ, ಜನಕ್ಕೆ ಗೊತ್ತಿರುವ ಹಳಬರನ್ನೇ ಹಾಕಿದರೆ ಯಾರೂ ಸ್ಟೇಷನ್ ಬದಲಿಸುವುದಿಲ್ಲ. ಮದುವೆ ಮನೆಯಲ್ಲಿ ಪ್ರತಿ ಪಂಕ್ತಿಗೂ ಅದೇ ನಾಲ್ಕು ಜನ ಕೂತು ಎಲೆ ಹಾಕಿಸಿಕೊಂಡ ಹಾಗೆ. ಹೊಸಬರು ಕೈ ತೊಳೆದುಕೊಂಡು ಬಾಗಿಲಲ್ಲಿ ನಿಂತಿದ್ದಾರೆ, ಪಾಪ. ಮೊದಲೆಲ್ಲ ಕೆಲವು ಸ್ಟೇಷನ್‌ಗಳು ಕೆನಡಾದ ಹಾಡುಗಳನ್ನು ಜನ ಮಲಗಿರುವ ಹೊತ್ತಿಗೆ ತುಂಬಿ ಲೆಕ್ಕ ಮುಗಿಸುತ್ತಿದ್ದವು. ಅದಕ್ಕೆ ಇಲ್ಲಿನ ರಾಷ್ಟ್ರೀಯ ಪ್ರಾಣಿಯ ಹೆಸರಲ್ಲಿ 'ಬೀವರ್ ಅವರ್' ಅಂತ ಹೆಸರೇ ಇತ್ತು.

ಹಾಡು ಕೆನಡಾದ್ದು ಹೌದೋ ಅಲ್ಲವೋ ಎಂದು ನೋಡುವ ಪದ್ಧತಿಯಂತೂ ನಮ್ಮ ಸಾಲಾವಳಿಗೆ ಏನೂ ಕಮ್ಮಿಯಿಲ್ಲ. ಎಮ್ ಅಂದರೆ ರಾಗ ಕಟ್ಟಿದವರು, ಎ ಅಂದರೆ ಹಾಡಿದವರು, ಪಿ ಅಂದರೆ ರೆಕಾರ್ಡ್ ಆದ ಜಾಗ, ಎಲ್ ಅಂದರೆ ಸಾಹಿತ್ಯ. ಕೂಡಿಸಿ ಓದಿದರೆ ಮೇಪಲ್, ಇಲ್ಲಿನ ಬಾವುಟದ ಮೇಲಿನ ಎಲೆ! ನಮ್ಮಲ್ಲಿ 36ಕ್ಕೆ 18 ಗುಣ ಬೇಕು, ಇಲ್ಲಿ ನಾಲ್ಕಕ್ಕೆ ಎರಡು ಕೆನಡಾದ್ದಾದರೆ ಸಾಕು. 1991ರಲ್ಲಿ ರಾಕ್ ಗಾಯಕ ಬ್ರಯಾನ್ ಆಡಮ್ಸ್ ಜಾತಕ ಬಂತು. ಹುಟ್ಟಿದ್ದು ಕಿಂಗ್‌ಸ್ಟನ್, ಒಂಟಾರಿಯೊ. ಅವನ ಒಂದು ಹಾಡು ಬ್ರಿಟನ್ನಿನಲ್ಲಿ 16 ವಾರ ಬಿಡದೆ ನಂಬರ್ ಒನ್. ಆದರೆ ಜೊತೆಗೆ ಕೂತು ಬರೆದವನು ಹೊರಗಿನವನು, ರೆಕಾರ್ಡಿಂಗೂ ಹೊರಗೆ. ಇಲ್ಲಿನ ಪ್ರಸಾರ ನಿಯಂತ್ರಣ ಮಂಡಳಿಯಾದ ಸಿಆರ್‌ಟಿಸಿಯ ಪುರೋಹಿತರು ಪಂಚಾಂಗ ಮುಚ್ಚಿ, ಈ ವರ ನಮ್ಮವನಲ್ಲ ಅಂದುಬಿಟ್ಟರು. ಅದೇ ಕೆನಡಾದ ಕವಿ-ಗಾಯಕ ಲಿಯೊನಾರ್ಡ್ ಕೊಹೆನ್ ಬರೆದು ರಾಗ ಹಾಕಿದ್ದನ್ನು ಕ್ಯಾಲಿಫೋರ್ನಿಯಾದವನು ಕ್ಯಾಲಿಫೋರ್ನಿಯಾದಲ್ಲೇ ಕೂತು ಹಾಡಲಿ, ಎಮ್ ಮತ್ತು ಎಲ್ ಕೂಡಿ ಬಂತು, ಅಪ್ಪಟ ಕೆನಡಾ. ಗಲಾಟೆಯಾದ ಮೇಲೆ ನಿಯಮವನ್ನು ಒಂಚೂರು ಸಡಿಲಿಸಿದರು ಅನ್ನಿ.

ಅಂದ ಹಾಗೆ, ಇಲ್ಲಿನ ದೊಡ್ಡ ಸಂಗೀತ ಪ್ರಶಸ್ತಿ ಜೂನೊ. ರೋಮನ್ ದೇವತೆ ಇರಬೇಕು ಅಂದುಕೊಂಡಿದ್ದೆ. ದೇವತೆಯ ಪಾಲೂ ಇದೆ, ಆದರೆ ಹೆಸರಿನ ಮೂಲ ಪಿಯರ್ ಜೂನೊ, ಈ ನಿಯಮ ತಂದಾಗ ಸಿಆರ್‌ಟಿಸಿಯ ಅಧ್ಯಕ್ಷರಾಗಿದ್ದವರು. ಆರ್‌ಟಿಒ ಸಾಹೇಬರ ಹೆಸರಲ್ಲಿ ರ‍್ಯಾಲಿ ಗೆದ್ದವರಿಗೆ ಕಪ್ ಕೊಟ್ಟ ಹಾಗೆ.

ಇನ್ನು 'ಹೊಸಬ' ಯಾರು? ಇಂಗ್ಲಿಷ್ ರೇಡಿಯೊಗೆಂದು 2011ರಲ್ಲಿ ಅದಕ್ಕೂ ಒಂದು ವ್ಯಾಖ್ಯೆ ಬಂತು. ಟಾಪ್ 40ಕ್ಕೆ ಮೊದಲ ಸಲ ಏರಿ 12 ತಿಂಗಳಾಗುವವರೆಗೆ ಹೊಸಬ. ಏರಲೇ ಇಲ್ಲವೋ? ಆಗ ತಲೆ ಹಣ್ಣಾದರೂ, ಮೊಮ್ಮಗ ಡ್ರಮ್ಸ್ ಬಾರಿಸಿದರೂ ಹೊಸಬನೇ. ಯಯಾತಿ ಯೌವನಕ್ಕಾಗಿ ಮಕ್ಕಳ ಮುಂದೆ ಕೈ ಚಾಚಿದ, ಸುಮ್ನೆ. ಒಂದು ಗಿಟಾರ್ ಹಿಡಿದು ಒಂಟಾರಿಯೊಗೆ ಬಂದಿದ್ದರೆ ಸಾಕಿತ್ತು. ಇಲ್ಲಿನ ಗಾಯಕಿ ಅಲೆಸಿಯಾ ಕಾರಾಗೆ ಜೂನೊದವರು 'ಈಗಷ್ಟೇ ಬೆಳಕಿಗೆ ಬಂದವಳು' ಅಂತ 2016ರಲ್ಲಿ ಪ್ರಶಸ್ತಿ ಕೊಟ್ಟರು. ಗ್ರ್ಯಾಮಿಯವರಿಗೆ ಅವಳು ಹೊಸಬಳಾಗಿ ಕಂಡದ್ದು 2018ರಲ್ಲಿ.

ಮಗಳಿಗೆ ಈ ಗೋಳು ಹೇಳಿಕೊಂಡೆ. "ಅಪ್ಪಾ, ರೇಡಿಯೊ ಯಾರು ಕೇಳ್ತಾರೆ?" ಅಂತ ತನ್ನ ಫೋನಿನಲ್ಲಿ ಜೆರೆಮಿ ಡಚರ್ ಹಾಡು ಹಾಕಿದಳು. ನ್ಯೂ ಬ್ರನ್ಸ್‌ವಿಕ್‌ನ ಟೋಬಿಕ್ ಮೂಲನಿವಾಸಿ ಸಮುದಾಯದವನು. ನೂರು ವರ್ಷಕ್ಕೂ ಹಿಂದೆ ಮೇಣದ ಸಿಲಿಂಡರುಗಳಲ್ಲಿ ಹಿಡಿದಿಟ್ಟ ತನ್ನ ಜನರ ದನಿಗಳನ್ನು ಮ್ಯೂಸಿಯಮ್ಮಿನಲ್ಲಿ ಕೂತು ಕೇಳಿದ, ಪಿಯಾನೊ ಮುಂದೆ ಕೂತು ಅವುಗಳ ಜೊತೆಗೇ ಹಾಡಿದ. ಮಾತಾಡುವವರು ಬೆರಳೆಣಿಕೆಗೆ ಇಳಿಯುತ್ತಿರುವ ವೊಲಾಸ್ತೊಕೆ ಭಾಷೆಯಲ್ಲಿ. 2018ರಲ್ಲಿ ಕೆನಡಾದ ವರ್ಷದ ಅತ್ಯುತ್ತಮ ಆಲ್ಬಮ್ಮಿಗೆ ಕೊಡುವ ಪೊಲಾರಿಸ್ ಪ್ರಶಸ್ತಿ ಬಂತು, 2024ರಲ್ಲಿ ಮತ್ತೆ. ಎರಡು ಸಲ ಗೆದ್ದವರು ಅವನಿಗಿಂತ ಮುಂಚೆ ಯಾರೂ ಇರಲಿಲ್ಲ.

ಇದನ್ನು ಸಂಜೆ ಐದು ಗಂಟೆಗೆ ಹಾಕಿ ಸ್ವಾಮಿ. ಹತ್ತಾರು ಸಾವಿರ ಜನ ಕಾರಿನೊಳಗೆ ಸಿಕ್ಕಿಹಾಕಿಕೊಂಡು, ಓಡಿಹೋಗಲಾರದೆ ಕೂತಿರುತ್ತೇವೆ. ಐವತ್ತು ವರ್ಷದಿಂದ ಕಾನೂನು ಇದೆ, ಮೇಣದಲ್ಲಿ ಉಳಿದ ದನಿಗೆ ಮೂರು ನಿಮಿಷ ಇಲ್ಲ ಅಂದರೆ ಯಾರನ್ನು ಕಾಪಾಡುತ್ತಿದ್ದೀರಿ? ನಿಕಲ್‌ಬ್ಯಾಕನ್ನಾ? ಸಾಕಾಗಿದೆ.

ಈಗ ಸ್ಟ್ರೀಮಿಂಗ್ ಕಂಪನಿಗಳ ಸರದಿ. ಕೆನಡಾದಲ್ಲಿ 2.5 ಕೋಟಿ ಡಾಲರಿಗಿಂತ ಜಾಸ್ತಿ ದುಡಿಯುವವರು ಶೇ. 5ನ್ನು ಇಲ್ಲಿನ ನಿಧಿಗಳಿಗೆ ಕೊಡಿ ಎಂದು 2024ರ ಜೂನ್‌ನಲ್ಲಿ ಆದೇಶವಾಯಿತು. ಅವರು ನೇರ ಕೋರ್ಟಿಗೆ ಹೋದರು.

ಸ್ನೇಹಿತರೊಬ್ಬರ ಮಗ ಬ್ರಾಂಪ್ಟನ್ನಿನ ಬೇಸ್‌ಮೆಂಟಿನಲ್ಲಿ ಚೆನ್ನಾಗಿಯೇ ರ‍್ಯಾಪ್ ಮಾಡುತ್ತಾನೆ. ಕಳೆದ ಭಾನುವಾರ ಹೋದಾಗ ಊಟದ ಟೇಬಲ್ ತುಂಬ ಯಾವುದೋ ಅನುದಾನದ ಅರ್ಜಿ ಹರಡಿಕೊಂಡು ಕೂತಿದ್ದ. ಹದಿನೇಳು ಪುಟ. ಒಂಬತ್ತನೇ ಪುಟದಲ್ಲಿ ಪೆನ್ನು ನಿಂತಿತ್ತು. "ಅಂಕಲ್, ನನ್ನ ಹಾಡು ಯಾವ ಯಾವ ರೇಡಿಯೊದಲ್ಲಿ ಬಂದಿದೆ ಅಂತ ಕೇಳಿದ್ದಾರೆ. ರೇಡಿಯೊದಲ್ಲಿ ಬರಲಿ ಅಂತಾನೇ ಅಲ್ವಾ ಅರ್ಜಿ ಹಾಕ್ತಿರೋದು?"

ಅವರಮ್ಮ ಅಡುಗೆಮನೆಯಿಂದ ಕೂಗಿದರು. "ಮೊದಲು ಆ ಪೇಪರೆಲ್ಲ ತೆಗಿಯೋ, ಸಾರು ಇಡೋಕೂ ಜಾಗ ಇಲ್ಲ."