ಗ್ರಿಮ್ ಸಹೋದರರಿಗೆ ಕಥೆ ಹೇಳಿದ್ದು ಯಾರು?

ಮತ್ತೆ ಅದೇ ಪೋಸ್ಟರ್ ಬಂತು. ಕೋಟು ಹಾಕಿಕೊಂಡ ಇಬ್ಬರು ಜರ್ಮನ್ ಮಹನೀಯರು, ಹಿಂದೆ ದಟ್ಟ ಕಾಡು, ಕೆಳಗೆ ಬಂಗಾರದ ಅಕ್ಷರದಲ್ಲಿ ಒಂದು ಸಾಲು: ಹಳ್ಳಿ ಹಳ್ಳಿ ಅಲೆದು, ಓದು ಬರಹ ಬಾರದ ಅಜ್ಜಿಯರ ಬಾಯಿಂದ ಕಥೆ ಸಂಗ್ರಹಿಸಿದ ಗ್ರಿಮ್ ಸಹೋದರರು. ಅದರಡಿ ಕೈಮುಗಿಯುವ ಎಮೋಜಿಗಳ ಮೆರವಣಿಗೆ. ಜನಪದ ಓದಿಕೊಂಡವರೂ ಮುಗಿದಿದ್ದಾರೆ. ಅದನ್ನು ನೋಡಿ ತಡೆಯಲಾಗಲಿಲ್ಲ, ಬರೆಯುತ್ತಿದ್ದೇನೆ. ನನ್ನ ಜರ್ಮನ್ ಹುಚ್ಚು ಗೊತ್ತಿರುವವರು ಸಹಿಸಿಕೊಳ್ಳಿ, ಗೊತ್ತಿಲ್ಲದವರು ಕೆಳಗೆ ಸರಿಸಿ ಮುಂದೆ ಹೋಗಿ.

ಮೊದಲನೆಯದು, ಅವರು ಹಳ್ಳಿ ಹಳ್ಳಿ ಅಲೆಯಲೇ ಇಲ್ಲ. ಯಾಕೊಬ್ ಮತ್ತು ವಿಲ್ಹೆಲ್ಮ್ ಇದ್ದದ್ದು ಜರ್ಮನಿಯ ಹೆಸ್ಸೆ ಸೀಮೆಯ ಕಾಸೆಲ್ ಎಂಬ ರಾಜಧಾನಿ ಪಟ್ಟಣದಲ್ಲಿ. ಕಥೆಗಳು ಬಹುಪಾಲು ಅವರ ಬೈಠಕ್ಕಿಗೇ ನಡೆದುಕೊಂಡು ಬಂದವು, ಇಲ್ಲವೇ ಅಂಚೆಯಲ್ಲಿ ಬಂದವು. ಎರಡನೆಯದು, ಆ ಅಜ್ಜಿಯರು. ಅವರ ಕಥಾಸಂಗ್ರಹದ ಮೊದಲ ಸಂಪುಟ ಅಚ್ಚಾದದ್ದು 1812ರ ಕೊನೆಗೆ, 86 ಕಥೆಗಳು. ಆಗ ಯಾಕೊಬ್‌ಗೆ 27, ವಿಲ್ಹೆಲ್ಮ್‌ಗೆ 26. ಕಥೆ ಹೇಳಿದವರಲ್ಲಿ ಮುಖ್ಯಳಾದ ಮರೀ ಹಾಸೆನ್‌ಫ್ಲುಗ್ ಹುಟ್ಟಿದ್ದು 1788ರಲ್ಲಿ, ಅವಳ ತಂಗಿ ಜಾನೆಟ್ 1791ರಲ್ಲಿ, ಡೋರ್ಟ್‌ಶೆನ್ ವಿಲ್ಡ್ 1793ರಲ್ಲಿ. ಲೆಕ್ಕ ನೀವೇ ಹಾಕಿಕೊಳ್ಳಿ. ಎಲ್ಲರೂ ಇಪ್ಪತ್ತರ ಆಸುಪಾಸಿನವರು, ಕಥೆ ಬರೆದುಕೊಂಡವರಿಗಿಂತ ಚಿಕ್ಕವರು. ಓದು ಬರಹ ಬಾರದವರು ಅನ್ನೋದಂತೂ ಬಿಡಿ. ಹಾಸೆನ್‌ಫ್ಲುಗ್ ಹುಡುಗಿಯರ ಅಪ್ಪ ದೊಡ್ಡ ಸರ್ಕಾರಿ ಅಧಿಕಾರಿ, ತಾಯಿಯ ಕಡೆಯವರು ಫ್ರಾನ್ಸಿನಿಂದ ಧರ್ಮದ ಕಾರಣಕ್ಕೆ ಓಡಿ ಬಂದ ಹ್ಯೂಗನಾಟರು, ಮನೆಯಲ್ಲಿ ಊಟದ ಹೊತ್ತಿಗೆ ಫ್ರೆಂಚ್ ಮಾತು. ಡೋರ್ಟ್‌ಶೆನ್‌ಳ ಅಪ್ಪ ಊರಿನ ಔಷಧಿ ಅಂಗಡಿ ಮಾಲೀಕ, ಗ್ರಿಮ್ ಮನೆಯ ನೆರೆಯವನು. ಹಿಂದುಗಡೆ ಇರುವ ಆ ದಟ್ಟ ಕಾಡು ಪೋಸ್ಟರ್ ಮಾಡಿದವರ ಕೊಡುಗೆ.

ಈ ಮನೆಗಳಿಂದ ಬಂದದ್ದೇನು ಸಣ್ಣಪುಟ್ಟದ್ದಲ್ಲ. ಮುಳ್ಳುಗುಲಾಬಿಯ ನಡುವೆ ನೂರು ವರ್ಷ ಮಲಗಿದ ರಾಜಕುಮಾರಿ ಮರೀ ಹೇಳಿದ ಕಥೆ. ಕೆಂಪು ಟೋಪಿಯ ಹುಡುಗಿ ಮತ್ತು ತೋಳ, ಅಕ್ಕತಂಗಿ ಜಾನೆಟ್ ಮತ್ತು ಮರೀ ಇಬ್ಬರೂ ಒಂದೊಂದು ರೀತಿ ಹೇಳಿದ್ದು. ಹುಲ್ಲನ್ನು ಬಂಗಾರವಾಗಿ ನೂಲುವ ಕುಳ್ಳ ರಂಪೆಲ್‌ಸ್ಟಿಲ್ಟ್‌ಸ್ಕಿನ್‌, ದಿಂಬು ಕೊಡವಿದರೆ ಲೋಕದಲ್ಲೆಲ್ಲ ಹಿಮ ಬೀಳಿಸುವ ಹೊಲ್ಲೆ ಅಮ್ಮನ ಕಥೆ, ಕೊಲೆಯಾದವನ ಮೂಳೆಯೇ ಕಹಳೆಯ ಊದುತುದಿಯಾಗಿ ಹಾಡಿ ಕೊಲೆಗಾರನನ್ನು ಹಿಡಿದುಕೊಡುವ ಕಥೆ ಇವೆಲ್ಲ ಡೋರ್ಟ್‌ಶೆನ್‌ಳವು. ವೆಸ್ಟ್‌ಫಾಲಿಯಾ ಕಡೆಯಿಂದ ಕಥೆ ಕೊಟ್ಟವರು ಹಾಕ್ಸ್ಟ್‌ಹೌಸೆನ್ ಮನೆತನದ ಹೆಣ್ಣುಮಕ್ಕಳು, ಅವರ ಬಂಧುಗಳಾದ ಡ್ರೋಸ್ಟೆ-ಹ್ಯೂಲ್ಸ್‌ಹೋಫ್ ಅಕ್ಕತಂಗಿಯರು. ಅಲೆಂಡೋರ್ಫ್ ಎಂಬ ಊರಿನಿಂದ ಪಾದ್ರಿಯ ಮಗಳು ಫ್ರೀಡೆರಿಕೆ ಮಾನೆಲ್. ಆ ಸಂಗ್ರಹದಿಂದ ಇವರಷ್ಟು ಜನರನ್ನು ತೆಗೆದುಬಿಟ್ಟರೆ ನಿಮ್ಮ ಮಗುವಿಗೆ ರಾತ್ರಿ ಹೇಳೋಕೆ ಉಳಿಯುವುದು ಅಷ್ಟಕ್ಕಷ್ಟೇ.

ಇಷ್ಟೆಲ್ಲ ಈಗ ಹೇಗೆ ಗೊತ್ತಾಯಿತು ಅಂದರೆ, ಸಹೋದರರು ತಮ್ಮ ಸ್ವಂತ ಪ್ರತಿಯ ಅಂಚಿನಲ್ಲಿ ಪೆನ್ನಿನಿಂದ ಗುರುತು ಹಾಕಿಕೊಂಡಿದ್ದರು. ಹೆಸರು, ತಾರೀಖು, ಕೆಲವು ಕಡೆ ಕೂತ ಜಾಗ ಕೂಡ, ತೋಟದ ಮನೆಯಲ್ಲಿ ಒಲೆಯ ಪಕ್ಕ ಎಂಬಷ್ಟು ಖಚಿತವಾಗಿ. ಆ ಪ್ರತಿಗಳು ಕಾಸೆಲ್‌ನಲ್ಲಿವೆ, 2005ರಲ್ಲಿ ಯುನೆಸ್ಕೊ ಅವನ್ನು ವಿಶ್ವ ಸ್ಮೃತಿ ಪಟ್ಟಿಗೆ ಸೇರಿಸಿತು. ಆದರೆ ಅಚ್ಚಾದ ಪುಸ್ತಕದ ಟಿಪ್ಪಣಿಯಲ್ಲಿ ಏನಿದೆ? "ಹೆಸ್ಸೆಯಿಂದ." "ಮೈನ್ ನದಿಯ ಸೀಮೆಯಿಂದ." "ಪಾಡರ್‌ಬೋರ್ನ್ ಕಡೆಯದು." ಕಥೆ ಹೇಳಿದ್ದು ಹುಡುಗಿಯಲ್ಲ, ಜಿಲ್ಲೆ! ನಮ್ಮ ಜನಪದ ಸಂಗ್ರಹಗಳಲ್ಲಿ ಕೊನೆಯ ಪುಟದಲ್ಲಾದರೂ ವಕ್ತೃಗಳ ಪಟ್ಟಿ ಅಂತ ಒಂದು ಇರುತ್ತದೆ. ಇಲ್ಲಿ ಅದೂ ಇಲ್ಲ.

ಈಗ ಒಬ್ಬರು ಕಾಮೆಂಟಿಗೆ ಬಂದೇ ಬರುತ್ತಾರೆ. "ಆ ಕಾಲದಲ್ಲಿ ಮರ್ಯಾದಸ್ಥ ಮನೆಯ ಹೆಣ್ಣುಮಕ್ಕಳು ಅಚ್ಚಿನಲ್ಲಿ ಹೆಸರು ಬರೋದನ್ನ ಇಷ್ಟಪಡುತ್ತಿರಲಿಲ್ಲ ಸಾರ್, ಅದು ಅವರ ಗೌರವಕ್ಕೇ ಬಿಟ್ಟದ್ದು." ಸರಿ, ಒಪ್ಪೋಣ. 1812ಕ್ಕೆ ಒಪ್ಪೋಣ. ಡೋರ್ಟ್‌ಶೆನ್ 1825ರಲ್ಲಿ ವಿಲ್ಹೆಲ್ಮ್‌ನ ಹೆಂಡತಿಯಾದಳು. ಅಲ್ಲಿಂದ ಏಳನೆಯ ಆವೃತ್ತಿಯವರೆಗೆ, ಅಂದರೆ 1857ರವರೆಗೆ 32 ವರ್ಷ ಒಂದೇ ಮನೆ, ಒಂದೇ ಊಟದ ಮೇಜು. ಆವೃತ್ತಿ ಆವೃತ್ತಿಗೂ ಗಂಡ ವಾಕ್ಯ ತಿದ್ದುತ್ತಾನೆ, ಟಿಪ್ಪಣಿ ಬೆಳೆಸುತ್ತಾನೆ, ಹೆಂಡತಿ ಮಾತ್ರ "ಹೆಸ್ಸೆ"ಯಾಗಿಯೇ ಉಳಿಯುತ್ತಾಳೆ. ಇದಕ್ಕೆ ಯಾವ ಮರ್ಯಾದೆಯ ಸಬೂಬು?

ಆ ಸಬೂಬು ನಿಲ್ಲದಿರುವುದಕ್ಕೆ ಇನ್ನೊಂದು ಕಾರಣವಿದೆ, ಅದೇ ನನ್ನ ಹೊಟ್ಟೆ ಉರಿಸುವುದು. ಒಬ್ಬಳ ಹೆಸರನ್ನು ಅವರು ಅಚ್ಚು ಹಾಕಿದರು, ಹಾಡಿ ಹೊಗಳಿದರು. ಡೋರೊಥಿಯಾ ಫೀಮನ್. ಸುಮಾರು 40 ಕಥೆ ಕೊಟ್ಟವಳು. 1815ರ ಎರಡನೆಯ ಸಂಪುಟದ ಮುನ್ನುಡಿಯಲ್ಲಿ ಅವಳು ರೈತ ಹೆಂಗಸು, ಅಪ್ಪಟ ಹೆಸ್ಸೆಯ ಕಥೆ ಹೇಳುವವಳು. ಒಮ್ಮೆ ಸರಾಗವಾಗಿ ಹೇಳುತ್ತಾಳೆ, ಕೇಳಿಕೊಂಡರೆ ಬರೆದುಕೊಳ್ಳುವವರಿಗೆ ಅನುಕೂಲವಾಗುವಂತೆ ನಿಧಾನಕ್ಕೆ ಮತ್ತೆ ಹೇಳುತ್ತಾಳೆ, ತಪ್ಪಿದರೆ ಅಲ್ಲೇ ತಿದ್ದುತ್ತಾಳೆ ಎಂದೆಲ್ಲ ವರ್ಣನೆ. 1819ರ ಆವೃತ್ತಿಗೆ ಅವಳ ಮುಖಚಿತ್ರವನ್ನೇ ಇಟ್ಟರು, ಚಿತ್ರ ಬರೆದವನು ತಮ್ಮ ಲುಡ್ವಿಗ್ ಎಮಿಲ್. ಅಷ್ಟು ಹೊತ್ತಿಗೆ ಅವಳು ತೀರಿಹೋಗಿ ನಾಲ್ಕು ವರ್ಷ.

ಅವಳು ರೈತಳೇ ಅಂತ ನೋಡಿದರೆ, ಅಲ್ಲ. ಗಂಡ ದರ್ಜಿ. ಅಪ್ಪನ ಹೆಸರು ಪಿಯರ್ಸನ್, ಅವನದೂ ಹ್ಯೂಗನಾಟ್ ವಂಶ, ಕಾಸೆಲ್‌ನ ಹೊರಗೆ ಹೆದ್ದಾರಿ ಪಕ್ಕದಲ್ಲಿ ಛತ್ರ-ಹೋಟೆಲು ನಡೆಸುತ್ತಿದ್ದವನು. ಕ್ನಾಲ್‌ಹ್ಯುಟೆ ಅಂತ ಅದರ ಹೆಸರು. ಗಾಡಿ ಹೊಡೆಯುವವರು, ವ್ಯಾಪಾರಿಗಳು, ಸಿಪಾಯಿಗಳು ರಾತ್ರಿ ತಂಗಿ ಹರಟುವ ಜಾಗದಲ್ಲಿ ಬೆಳೆದ ಹುಡುಗಿ. ಮುಂದೆ ತೋಟದ ತರಕಾರಿ ಹೊತ್ತು ಕಾಸೆಲ್‌ಗೆ ಮಾರಲು ಬರುತ್ತಿದ್ದವಳು, ಹಾಗೆ ಬಂದಾಗ ಗ್ರಿಮ್ ಮನೆಗೂ ಬರತೊಡಗಿದಳು. ಹತ್ತೂರಿನ ಕಥೆ ಅವಳ ತಲೆಯಲ್ಲಿ ಸೇರಿಕೊಂಡದ್ದು ಆ ಛತ್ರದಿಂದಲೇ ಇರಬೇಕು. ಆದರೆ ಸಹೋದರರಿಗೆ ಬೇಕಿದ್ದದ್ದು ಜರ್ಮನ್ ಮಣ್ಣಿನ ಮುದುಕಿ. ನೆಪೋಲಿಯನ್ನನ ತಮ್ಮ ಕಾಸೆಲ್‌ನಲ್ಲೇ ರಾಜನಾಗಿ ಕೂತಿದ್ದ ಕಾಲವದು, ಬೇಕಿತ್ತು ಅನ್ನೋದು ಅರ್ಥವಾಗುತ್ತೆ. ಹಾಗಾಗಿ ಚಿತ್ರಕ್ಕೆ ಒಪ್ಪುವ ದರ್ಜಿಯ ಹೆಂಡತಿ ರೈತಳಾಗಿ ಬೆಳಕಿಗೆ ಬಂದಳು. ಒಪ್ಪದ ಫ್ರೆಂಚ್ ಮಾತಿನ ಹುಡುಗಿಯರು ಜಿಲ್ಲೆಗಳಾದರು. ಜಾನೆಟ್ ಹೇಳಿದ ಬೂಟು ಹಾಕಿದ ಬೆಕ್ಕಿನ ಕಥೆಯನ್ನು ಫ್ರೆಂಚ್ ಮೂಲದ್ದು ಅಂತ ಎರಡನೆಯ ಆವೃತ್ತಿಯಲ್ಲಿ ಕಿತ್ತೇ ಹಾಕಿದರು.

ಫೀಮನ್ ಹೇಳಿದ ಒಂದು ಕಥೆ ನೋಡಿ, ಆ ಹೆಂಗಸಿನ ದನಿ ಹೇಗಿತ್ತು ಅಂತ ತಿಳಿಯುತ್ತೆ. ರೈತನೊಬ್ಬನಿಗೆ ಹೊಲದಲ್ಲಿ ಬಂಗಾರದ ಒರಳು ಸಿಗುತ್ತದೆ. ರಾಜನಿಗೆ ಕೊಡೋಣ ಅನ್ನುತ್ತಾನೆ. ಮಗಳು ಅನ್ನುತ್ತಾಳೆ: ಅಪ್ಪಾ, ಒರಳು ಕೊಟ್ಟರೆ ಒನಕೆ ಎಲ್ಲಿ ಅಂತ ಕೇಳ್ತಾರೆ, ಸುಮ್ಮನಿರು. ಕೇಳುವುದಿಲ್ಲ, ಕೊಡುತ್ತಾನೆ, ಜೈಲಿಗೆ ಬೀಳುತ್ತಾನೆ, ಒಳಗೆ ಕೂತು "ಮಗಳ ಮಾತು ಕೇಳಬೇಕಿತ್ತು" ಅಂತ ಗೋಳಾಡುತ್ತಾನೆ. ರಾಜ ಆ ಮಗಳಿಗೆ ಒಗಟು ಹಾಕುತ್ತಾನೆ: ಬಟ್ಟೆ ಉಟ್ಟೂ ಬರಬಾರದು, ಬೆತ್ತಲೆಯಾಗಿಯೂ ಬರಬಾರದು, ಸವಾರಿ ಮಾಡಬಾರದು, ಗಾಡಿಯಲ್ಲೂ ಕೂರಬಾರದು, ದಾರಿಯಲ್ಲಿ ಬರಬಾರದು, ದಾರಿ ಬಿಟ್ಟೂ ಬರಬಾರದು. ಅವಳು ಮೈಗೆ ಮೀನಿನ ಬಲೆ ಸುತ್ತಿಕೊಂಡು, ಬಲೆಯನ್ನು ಕತ್ತೆಯ ಬಾಲಕ್ಕೆ ಕಟ್ಟಿ, ಗಾಡಿಯ ಜಾಡಿನಲ್ಲಿ ಹೆಬ್ಬೆರಳು ಮಾತ್ರ ನೆಲಕ್ಕೆ ತಾಗುವಂತೆ ಎಳೆಸಿಕೊಂಡು ಬರುತ್ತಾಳೆ. ಮದುವೆಯಾಗುತ್ತದೆ. ಮುಂದೆ ರಾಜನ ತಪ್ಪು ತೀರ್ಪನ್ನು ಒಬ್ಬ ಬಡವನ ಪರವಾಗಿ ಬಯಲಿಗೆಳೆದದ್ದಕ್ಕೆ ರಾಜ ಸಿಟ್ಟಾಗಿ, ನಿನಗೆ ಅತಿ ಪ್ರಿಯವಾದ ಒಂದು ವಸ್ತು ತಗೊಂಡು ತವರಿಗೆ ಹೋಗು ಅನ್ನುತ್ತಾನೆ. ಅವಳು ನಿದ್ದೆಯ ಮದ್ದು ಕುಡಿಸಿ ರಾಜನನ್ನೇ ಬಟ್ಟೆಯಲ್ಲಿ ಸುತ್ತಿ ಹೊತ್ತುಕೊಂಡು ಹೋಗುತ್ತಾಳೆ. ಊರೂರು ಗಿರಾಕಿಗಳ ಜೊತೆ ಚೌಕಾಸಿ ಮಾಡಿದ ಬಾಯಿ ಅದು. ಲೈಬ್ರರಿಯಲ್ಲಿ ಕೂತ ಪಂಡಿತನಿಗೆ ಇದು ಹೊಳೆಯುವಂಥದ್ದಲ್ಲ.

"ಸಂಗ್ರಹಿಸುವ ಯೋಚನೆಯಾದರೂ ಅವರದಲ್ಲವಾ?" ಅಂತೀರಿ. ಅದೂ ಮೊದಲಲ್ಲ. ಬೆನೆಡಿಕ್ಟೆ ನೌಬೆರ್ಟ್ ಎಂಬ ಹೆಂಗಸು 1789ರಿಂದಲೇ ಜರ್ಮನ್ ಜನಪದ ಕಥೆಗಳನ್ನು ಆಧರಿಸಿ ಸಂಪುಟಗಳನ್ನು ಹೊರತಂದಿದ್ದಳು, ಹೆಸರು ಹಾಕದೆ. ವಿಲ್ಹೆಲ್ಮ್‌ಗೆ ಇದು ಗೊತ್ತಿತ್ತು. 1809ರಲ್ಲಿ ನೌಂಬುರ್ಗ್‌ಗೆ ಹೋಗಿ ಅವಳನ್ನು ಭೇಟಿಯಾಗಿ ಬಂದಿದ್ದ. ಅವಳ ಗುಟ್ಟು ಪತ್ರಿಕೆಯಲ್ಲಿ ಬಯಲಾದದ್ದು 1817ರಲ್ಲಿ, ಅದೂ ಅವಳಿಗೆ ಇಷ್ಟವಿಲ್ಲದೆ. ಇನ್ನು ಗೋಪುರದಲ್ಲಿ ಕೂಡಿಹಾಕಿದ ಉದ್ದ ಕೂದಲಿನ ಹುಡುಗಿ ರಪುಂಜೆಲ್‌ಳ ಕಥೆ? ಅದು ಬಾಯಿಮಾತಿನ ಕಥೆಯೇ ಅಲ್ಲ. ಫ್ರೆಂಚ್ ಲೇಖಕಿ ಲಾ ಫೋರ್ಸ್ 17ನೇ ಶತಮಾನದ ಕೊನೆಯಲ್ಲಿ ಬರೆದದ್ದು, ಅದನ್ನು 1790ರಲ್ಲಿ ಶುಲ್ಟ್ಸ್ ಎಂಬಾತ ಜರ್ಮನ್‌ಗೆ ತಂದ, ಅವನಿಂದ ಗ್ರಿಮ್ ತೆಗೆದುಕೊಂಡು ಮೊಟಕುಗೊಳಿಸಿದರು.

ಒಂದು ಮಾತು ಬಾಯಿಬಿಟ್ಟು ಹೇಳಿಬಿಡುತ್ತೇನೆ. ವಿಲ್ಹೆಲ್ಮ್‌ನ ಗದ್ಯ ನನಗೆ ಬಹಳ ಇಷ್ಟ. ಅವನ ಕೈ ಬೀಳದಿದ್ದರೆ ಇವು ಇಷ್ಟು ದೂರ ಹೋಗುತ್ತಿರಲಿಲ್ಲ ಅಂತಲೂ ಗೊತ್ತು. ಆದರೆ ಅದೇ ಕೈ ಏನೇನು ಒರೆಸಿತು ಅಂತಲೂ ಗೊತ್ತಿರುವುದರಿಂದಲೇ ಕಿರಿಕಿರಿ. 1812ರ ಹಿಮಬಿಳಿಯ ಹುಡುಗಿಯ (ಸ್ನೋ ವೈಟ್) ಕಥೆಯಲ್ಲಿ ಮಗಳನ್ನು ಕೊಲ್ಲಿಸಲು ಹೊರಟವಳು ಹೆತ್ತ ತಾಯಿ, 1819ಕ್ಕೆ ಮಲತಾಯಿ. ಹಾನ್ಸೆಲ್ ಗ್ರೆಟೆಲ್‌ರನ್ನು ಕಾಡಿಗೆ ಅಟ್ಟಿದವಳೂ ಹೆತ್ತವಳೇ. 1840ರ ಆವೃತ್ತಿಗೆ ಅವಳೂ ಮಲತಾಯಿ. ರಪುಂಜೆಲ್ ಮೊದಲು "ನನ್ನ ಬಟ್ಟೆ ಯಾಕೋ ಬಿಗಿಯಾಗ್ತಾ ಇದೆ" ಅಂತ ತನ್ನನ್ನು ಕೂಡಿಹಾಕಿದವಳನ್ನು ಮುಗ್ಧವಾಗಿ ಕೇಳಿ ಬಸುರಿನ ಗುಟ್ಟು ಬಿಟ್ಟುಕೊಡುತ್ತಿದ್ದಳು. ಆಮೇಲೆ "ರಾಜಕುಮಾರನಿಗಿಂತ ನಿನ್ನನ್ನು ಮೇಲಕ್ಕೆಳೆಯುವುದು ಭಾರ" ಅಂತ ಪೆದ್ದಿಯ ಹಾಗೆ ಬಾಯಿಬಿಡುತ್ತಾಳೆ. ಮಕ್ಕಳ ಪುಸ್ತಕ ಮಾಡಬೇಕಿತ್ತು, ತಾಯಿ ಅಂದರೆ ಪವಿತ್ರ ಅನ್ನಿಸಬೇಕಿತ್ತು, ಮಾಡಿದರು. ಎರಡು ಶತಮಾನದ ಮಲತಾಯಂದಿರು ಅದರ ಬಿಲ್ ಕಟ್ಟುತ್ತಿದ್ದಾರೆ.

ಅಜ್ಜಿಯ ಕಟ್ಟುಕಥೆ ಎಲ್ಲಿ ಹುಟ್ಟಿತು ಅನ್ನೋದು ಇನ್ನೂ ಸೊಗಸು. ಸ್ವಂತ ಪ್ರತಿಯ ಅಂಚಿನಲ್ಲಿ ಹಲವು ಕಡೆ ಬರೀ "ಮರೀ" ಅಂತಿತ್ತು. ವಿಲ್ಹೆಲ್ಮ್ ಮತ್ತು ಡೋರ್ಟ್‌ಶೆನ್‌ರ ಮಗ ಹರ್ಮನ್ ಗ್ರಿಮ್ 1895ರಲ್ಲಿ ಅದನ್ನು ತನ್ನ ತಾಯಿಯ ತವರಿನ ಮನೆಕೆಲಸದ "ಮುದಿ ಮರೀ" ಅಂತ ಬರೆದ. ಲೋಕಕ್ಕೆ ಬೇಕಾದ ಅಜ್ಜಿ ಸಿಕ್ಕಳು, ಎಲ್ಲರಿಗೂ ಖುಷಿ. 1975ರಲ್ಲಿ ಹೈನ್ಸ್ ರೋಲೆಕೆ ಎಂಬ ವಿದ್ವಾಂಸ ಆ ಗುರುತುಗಳನ್ನೆಲ್ಲ ಕೂತು ತಾಳೆ ಹಾಕಿ, ಇದು ಮರೀ ಹಾಸೆನ್‌ಫ್ಲುಗ್ ಎಂದು ತೋರಿಸುವ ತನಕ 80 ವರ್ಷ ಮುದುಕಿಯದೇ ರಾಜ್ಯಭಾರ. ತಮಾಷೆ ನೋಡಿ, ಇದೇ ಹರ್ಮನ್ 1869ರಲ್ಲಿ ಇನ್ನೊಬ್ಬಳಿಗೆ ನ್ಯಾಯ ಕೊಡಿಸಿದ್ದ. ಜರ್ಮನ್ ಕವಿ ಗಯಟೆಯ 1819ರ ಪೂರ್ವ-ಪಶ್ಚಿಮ ದಿವಾನ್ ಸಂಕಲನದಲ್ಲಿ ಶೂಬರ್ಟ್ ರಾಗ ಹಾಕಿದ, ಸುಲೈಕಾ ಎಂಬ ಪಾತ್ರದ ಹಾಡುಗಳಿವೆಯಲ್ಲ, ಗಾಳಿಯನ್ನು ಕುರಿತ ಆ ಹಾಡುಗಳನ್ನು ಬರೆದವಳು ಮರಿಯಾನೆ ಫಾನ್ ವಿಲ್ಲೆಮರ್ ಅಂತ ಹೊರಗೆ ಹಾಕಿದವನು ಇವನೇ. ಗಯಟೆ ಅಲ್ಲಲ್ಲಿ ಕೈಯಾಡಿಸಿ, ಹೆಸರಿಲ್ಲದೆ ತನ್ನ ಪುಸ್ತಕದೊಳಗೆ ಸೇರಿಸಿಕೊಂಡಿದ್ದ. ಹೆಸರು ಬರುವ ಹೊತ್ತಿಗೆ ಅವಳು ತೀರಿಕೊಂಡು ಒಂಬತ್ತು ವರ್ಷ.

"ಜರ್ಮನ್ನರು ನೋಟಿನ ಮೇಲೇ ಹೆಂಗಸರ ಚಿತ್ರ ಹಾಕಿದ್ದರಲ್ಲ?" ಹಾಕಿದ್ದರು. ಯೂರೋ ಬರುವ ಮುಂಚಿನ ಕೊನೆಯ ಸರಣಿಯ ಎಂಟು ನೋಟುಗಳಲ್ಲಿ ನಾಲ್ಕರಲ್ಲಿ ಹೆಂಗಸರೇ. ಗ್ರಿಮ್‌ರ ಮೊದಲ ಸಂಪುಟ ಅರ್ಪಣೆಯಾದ ಬೆಟ್ಟಿನಾ ಫಾನ್ ಆರ್ನಿಮ್ 5 ಮಾರ್ಕಿನ ಮೇಲೆ. ಕಥೆ ಒದಗಿಸಿದ ಅಕ್ಕತಂಗಿಯರಲ್ಲಿ ಒಬ್ಬಳಾಗಿ, ಮುಂದೆ ಆ ಭಾಷೆಯ ಮಹಾಕವಿಯಾದ ಆನೆಟ್ ಫಾನ್ ಡ್ರೋಸ್ಟೆ-ಹ್ಯೂಲ್ಸ್‌ಹೋಫ್ 20ರ ಮೇಲೆ. ಗ್ರಿಮ್ ಸಹೋದರರು 1000ದ ಮೇಲೆ. ನಾನೇನೂ ಹೇಳುವುದಿಲ್ಲಪ್ಪ. (ವಿಲ್ಹೆಲ್ಮ್‌ಗೆ ಆನೆಟ್ ಕಂಡರೆ ದಿಗಿಲು. ಅವಳು ತಲೆಗೂದಲು ಕಿತ್ತು ಎಸೆದಂತೆ, ಅವು ಬಾಣಗಳಾದಂತೆ ಕನಸು ಬಿತ್ತೆಂದು ಪತ್ರ ಬರೆದಿದ್ದಾನೆ.)

ಗಂಡಸರೂ ಕಥೆ ಹೇಳಿದ್ದಾರೆ, ಇಲ್ಲವೆನ್ನುವುದಿಲ್ಲ. ಕ್ರೌಸೆ ಎಂಬ ನಿವೃತ್ತ ಅಶ್ವದಳದ ಸಿಪಾಯಿ ಕಥೆಗೆ ಬದಲಾಗಿ ಹಳೆಯ ಪ್ಯಾಂಟು ತಗೊಂಡು ಹೋಗುತ್ತಿದ್ದ. ಅವನದು ನೇರ ವ್ಯವಹಾರ, ನನಗೆ ಹಿಡಿಸಿತು.

ಕನ್ನಡದಲ್ಲಿ ಈ ಕಥೆಗಳನ್ನು ಹೊಸದಾಗಿ ತರುತ್ತಿರುವವರು ನನ್ನ ಗೆಳೆಯರಲ್ಲೇ ಇದ್ದೀರಿ, ನಿಮಗೆ ಇಷ್ಟು. ಇಂಗ್ಲಿಷ್ ಪುಸ್ತಕ ಹಿಡಿದ ಕೂಡಲೇ ಅದು ಯಾವ ಆವೃತ್ತಿಯದು ಅಂತ ನೋಡಿ. ಹಿಮಬಿಳಿಯ ಹುಡುಗಿಯ ಶತ್ರು ಹೆತ್ತ ತಾಯಿಯಾದರೆ 1812ರದ್ದು. ಮಲತಾಯಿಯಾದರೆ ಆಮೇಲಿನದು, ಬಹುತೇಕ 1857ರದ್ದೇ ಇರುತ್ತದೆ. ಎರಡನ್ನೂ ಬೆರೆಸಬೇಡಿ. ಪ್ರತಿ ಕಥೆಗೂ ಜರ್ಮನ್ ಕ್ರಮಸಂಖ್ಯೆ ಇದೆ, ಅದನ್ನು ಉಳಿಸಿಕೊಳ್ಳಿ. ಶೀರ್ಷಿಕೆ ಭಾಷೆಗೊಂದು ಥರ ಬದಲಾಗುತ್ತೆ, ಒಂದೇ ಆವೃತ್ತಿಯೊಳಗೆ ಸಂಖ್ಯೆ ಬದಲಾಗದು. ಆ ಸಂಖ್ಯೆ ಹಿಡಿದು ರೋಲೆಕೆ 1980ರಲ್ಲಿ ಸಂಪಾದಿಸಿದ ಮೂರು ಸಂಪುಟಗಳ ಆವೃತ್ತಿಯ ಕೊನೆಯ ಸಂಪುಟ ತೆಗೆದರೆ ಯಾರು ಹೇಳಿದ್ದು ಅಂತ ಸಿಗುತ್ತದೆ. ಮೂಲ ಟಿಪ್ಪಣಿಯಲ್ಲಿ "ಟ್ಸ್ವೇರ್ನ್‌ನಿಂದ" ಅಂತಿದ್ದರೆ ಫೀಮನ್, ಅದು ಅವಳ ಊರು; "ಮೈನ್ ಸೀಮೆ" ಅಂದರೆ ಸಾಮಾನ್ಯವಾಗಿ ಹಾಸೆನ್‌ಫ್ಲುಗ್ ಮನೆ; "ಪಾಡರ್‌ಬೋರ್ನ್" ಅಂದರೆ ಹಾಕ್ಸ್ಟ್‌ಹೌಸೆನ್ ಬಳಗ. ಬರೀ "ಹೆಸ್ಸೆ" ಅಂತಿದ್ದರೆ ಊಹೆ ಮಾಡಬೇಡಿ, ವಿಲ್ಡ್ ಮನೆಯೂ ಆಗಬಹುದು ಹಾಸೆನ್‌ಫ್ಲುಗ್ ಮನೆಯೂ ಆಗಬಹುದು, ಪಟ್ಟಿ ನೋಡಿಯೇ ಬರೆಯಿರಿ. ಹೆಸರನ್ನು ಶೀರ್ಷಿಕೆಯ ಕೆಳಗೇ ಹಾಕಿ, ಪುಸ್ತಕದ ಹಿಂದುಗಡೆ ಬೇಡ. ಅಲ್ಲಿಯವರೆಗೆ ಯಾರೂ ಹೋಗಲ್ಲ.